ಮನೆಯೊಳಗಿದ್ದೂ ಕಾಲಿನ ಬಲ ಉಳಿಸಿಕೊಳ್ಳುವುದು ಹೇಗೆ?



2020ರ ಜೂನ್ 8ರಂದು ಬಸದಿ, ದೇವಸ್ಥಾನಗಳ ಬಾಗಿಲು ಮತ್ತೆ ತೆರೆಯಲು ಅನುಮತಿ ಸಿಕ್ಕಿತು. ಆ ದಿನ ಬೆಳಗ್ಗೆ ಜ್ವರ ನೋಡುವ ಯಂತ್ರ ಹಿಡಿದು ಬಸದಿಯ ಬಾಗಿಲಲ್ಲಿ ನಿಲ್ಲುವ ಸೇವೆ ನನ್ನ ಪಾಲಿಗೆ ಬಂದಿತ್ತು. ನಮ್ಮ ಬೀದಿಯ 78 ವರ್ಷದ ಅಮ್ಮನವರೊಬ್ಬರು ಮಗನ ಕೈಹಿಡಿದು ಬಂದರು. 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸೂಚನೆ ಇತ್ತು. ಆದರೂ ಅವರನ್ನು ತಡೆಯಲು ನನಗೆ ಬಾಯಿ ಬರಲಿಲ್ಲ. ಮಾರ್ಚ್ 22ರ ಜನತಾ ಕರ್ಫ್ಯೂವರೆಗೆ ಆ ತಾಯಿ ಪ್ರತಿದಿನ ಒಬ್ಬರೇ ಅರ್ಧ ಕಿಲೋಮೀಟರು ನಡೆದು ಬಂದು ಅಭಿಷೇಕ ನೋಡಿ ಹೋಗುತ್ತಿದ್ದರು. ಹನ್ನೊಂದು ವಾರದ ನಂತರ ಐದು ಮೆಟ್ಟಿಲು ಹತ್ತುವುದಕ್ಕೆ ಮೂರನೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಅವರಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ. "ಕೊರೊನಾ ಬರಲಿಲ್ಲಪ್ಪ, ಕಾಲು ಮಾತ್ರ ಹೋಯ್ತು" ಎಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಲಾಕ್‌ಡೌನ್ ದಿನಗಳಲ್ಲಿ ನಾವು ಕೆಲವರು ಹಿರಿಯರ ಮನೆಗಳಿಗೆ ದಿನಸಿ, ಮಾತ್ರೆ ತಲುಪಿಸುತ್ತಿದ್ದೆವು. "ಆಚೆ ಬರಬೇಡಿ, ಆರಾಮಾಗಿ ಕೂತಿರಿ, ಎಲ್ಲ ನಾವು ತಂದುಕೊಡುತ್ತೇವೆ" ಎಂದು ಎಲ್ಲರಿಗೂ ಹೇಳಿದವನು ನಾನೇ. ಆಚೆ ಬರಬೇಡಿ ಎಂದದ್ದು ಸರಿ, ಕೂತಿರಿ ಎಂದದ್ದು ತಪ್ಪು. 2021ರಲ್ಲಿ ಎರಡನೆಯ ಅಲೆ ಇಳಿಯುತ್ತಿದ್ದಂತೆಯೇ ಮೂರನೆಯದರ ಮಾತು ಶುರುವಾಗಿತ್ತು. ಮತ್ತೆ ಬಾಗಿಲು ಹಾಕುವ ಕಾಲ ಬಂದರೆ ಆ ತಪ್ಪು ಮರುಕಳಿಸದಿರಲಿ ಎಂದು ಈ ಲೇಖನ. ನಾನು ವೈದ್ಯನಲ್ಲ, ದಿನಸಿ ವ್ಯಾಪಾರಿ. ಓದಿ, ವೈದ್ಯರನ್ನು ಕೇಳಿ, ನನ್ನ ಮೈಮೇಲೇ ಮಾಡಿ ನೋಡಿ ತಿಳಿದದ್ದನ್ನು ಬರೆದಿದ್ದೇನೆ.

ಮೊದಲಿಗೆ, ಸುಮ್ಮನೆ ಕೂತರೆ ಆಗುವುದೇನು? ಮಾಂಸಖಂಡ ಎಂಬುದು ದಿನವೂ ವಹಿವಾಟು ನಡೆಯಬೇಕಾದ ಅಂಗಡಿಯಿದ್ದಂತೆ. ಕೆಲಸ ಕೊಡದಿದ್ದರೆ ದೇಹ ಅದನ್ನು ಕರಗಿಸಿಬಿಡುತ್ತದೆ. ಆರೋಗ್ಯವಂತರಾದ ಹನ್ನೆರಡು ಮಂದಿ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ ಅಧ್ಯಯನವೊಂದು 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ನಮ್ಮ ಹಿರಿಯರು ಹಾಸಿಗೆಯಲ್ಲಿ ಇರಲಿಲ್ಲ ನಿಜ, ಆದರೆ ಸೋಫಾ, ಟಿ.ವಿ., ಊಟದ ಮೇಜು ಎಂದು ಹನ್ನೊಂದು ವಾರ ಕಳೆದರು. ಹುಡುಗರಿಗೆ ಹೋದದ್ದು ಬೇಗ ಮರಳುತ್ತದೆ. ಎಪ್ಪತ್ತು ದಾಟಿದವರಿಗೆ ಹೋಗುವುದು ಬೇಗ, ಬರುವುದು ನಿಧಾನ. ಜೊತೆಗೆ ಸಕ್ಕರೆ, ರಕ್ತದೊತ್ತಡ ಏರುತ್ತವೆ, ನಿದ್ದೆ ಕೆಡುತ್ತದೆ. ಬಲವಿಲ್ಲದ ಕಾಲು ಬಚ್ಚಲುಮನೆಯಲ್ಲಿ ಜಾರಿದರೆ ಸೊಂಟದ ಮೂಳೆಯ ಗತಿ ಏನು ಎಂದು ತಮಗೆಲ್ಲ ಗೊತ್ತು.

ಗಲ್ಲಾದಲ್ಲಿ ಕೂರುವ ನನ್ನಂಥವರಿಗೆ ಇನ್ನೊಂದು ಸಂಗತಿ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಒಂದು ವರದಿ ಕೊಟ್ಟರು. ಬಸ್ಸು ಒಂದೇ, ದಾರಿ ಒಂದೇ. ಆದರೆ ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟು ಕೊಡುವ ನಿರ್ವಾಹಕರಿಗಿಂತ ಕೂತು ಓಡಿಸುವ ಚಾಲಕರಿಗೆ ಹೃದ್ರೋಗ ಹೆಚ್ಚಾಗಿತ್ತು. ನಮ್ಮ ಅಂಗಡಿಗಳಲ್ಲಿ ಮೂಟೆ ಎತ್ತುವವರು ಯಾರು, ಕೂತು ಬಿಲ್ಲು ಬರೆಯುವವರು ಯಾರು ಎಂದು ನಾವೇ ನೋಡಿಕೊಳ್ಳಬಹುದು. ಅಂಗಡಿ ಮುಚ್ಚಿದ್ದಾಗಂತೂ ಗಲ್ಲಾವರೆಗೆ ನಡೆಯುತ್ತಿದ್ದ ನಾಲ್ಕು ಹೆಜ್ಜೆಯೂ ನಿಂತುಹೋಗಿತ್ತು.

ಇನ್ನು ಮನೆಯ ಹೊರಗೆ ನಡೆಯುವ ವಿಚಾರ. ಮೈಸೂರಿನವರಿಗೆ ನಡಿಗೆಯ ಜಾಗಕ್ಕೆ ಬರವಿಲ್ಲ. ಮುಮ್ಮಡಿಯವರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿ ಇದೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ, ಬಡಾವಣೆಗೊಂದು ಪಾರ್ಕು ಇದೆ. ಇವುಗಳಲ್ಲಿ ಕೆಲವಕ್ಕೆ ಸಾಂಕ್ರಾಮಿಕವೇ ಕಾರಣ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1898ರಲ್ಲಿ ಪ್ಲೇಗು ಮೈಸೂರಿಗೆ ಬಂತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಗಾಳಿ ಬೆಳಕಿಲ್ಲದ ಇಕ್ಕಟ್ಟು ಕೇರಿಗಳಿಂದ ಜನರನ್ನು ಬಿಡಿಸಿ ಊರನ್ನು ಬಿಡಿಬಿಡಿಯಾಗಿ ಕಟ್ಟಲು 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿತು. ನಮ್ಮ ಹಿರಿಯರ ಬಾಯಲ್ಲಿ ಅದು ಸಿ.ಐ.ಟಿ.ಬಿ., ಮುಂದೆ ಬಂದ ಮುಡಾದ ಹಿಂದಿನ ರೂಪ. ಅಗಲ ರಸ್ತೆ, ಸಾಲುಮರ, ನಡುವೆ ಬಯಲು, ಇವೆಲ್ಲ ಆ ಕಾಲದ ಭಯ ಕಲಿಸಿದ ಪಾಠ. ನೂರಿಪ್ಪತ್ತು ವರ್ಷದ ಮೇಲೆ ಮತ್ತೊಂದು ಸಾಂಕ್ರಾಮಿಕ ಬಂದಾಗ ನಾವು ಮೊದಲು ಬೀಗ ಹಾಕಿದ ಜಾಗಗಳಲ್ಲಿ ಪಾರ್ಕುಗಳೂ ಸೇರಿದವು.

ಅಧಿಕಾರಿಗಳನ್ನು ದೂರಲು ಇದನ್ನು ಹೇಳುತ್ತಿಲ್ಲ. 2020ರ ಏಪ್ರಿಲಿನಲ್ಲಿ ನಂಜನಗೂಡಿನ ಸೋಂಕಿನ ಸರಪಳಿಯಿಂದ ನಮ್ಮ ಜಿಲ್ಲೆ ಕೆಂಪು ವಲಯವಾಗಿತ್ತು, ರೋಗ ಹೇಗೆ ಹರಡುತ್ತದೆ ಎಂಬ ತಿಳಿವಳಿಕೆಯೂ ಕಡಿಮೆಯಿತ್ತು. ಮೇ 19ರಿಂದ ಪಾರ್ಕುಗಳನ್ನು ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7 ತೆರೆದರು. 2021ರಲ್ಲೂ ಜೂನ್ 14ರಿಂದ ಹಲವು ಜಿಲ್ಲೆಗಳಲ್ಲಿ ಬೆಳಗ್ಗೆ 5ರಿಂದ 10ರವರೆಗೆ ಪಾರ್ಕು ತೆರೆದರೂ, ಸೋಂಕಿನ ಪ್ರಮಾಣ ಹೆಚ್ಚಿದ್ದ ಮೈಸೂರಿಗೆ ಆ ಸಡಿಲಿಕೆ ತಡವಾಗಿ ಬಂತು. ನನ್ನ ಅಭಿಪ್ರಾಯ ಇಷ್ಟೇ: ಎರಡು ಗಂಟೆ ಮಾತ್ರ ತೆರೆದರೆ ಇಡೀ ಬಡಾವಣೆ ಆ ಎರಡು ಗಂಟೆಯಲ್ಲೇ ಬಂದು ಸೇರುತ್ತದೆ. ಹೊತ್ತು ಹೆಚ್ಚಿಸಿದರೆ ಜನ ಹಂಚಿಹೋಗುತ್ತಾರೆ. ಪಡಿತರ ಅಂಗಡಿಯ ಮುಂದಿನ ಸಾಲು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಬಯಲಿನ ಗಾಳಿ ನಮ್ಮ ಶತ್ರುವಲ್ಲ. ಸೋಂಕಿತರ ಉಸಿರಿನ ಕಣಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯಂತೆ ಸುಳಿದಾಡುತ್ತವೆ, ಬಯಲಿನಲ್ಲಿ ಚದುರಿಹೋಗುತ್ತವೆ. ಹಾಗಾಗಿ ನಡೆಯುವುದರಿಂದ ಆಗುವ ಅಪಾಯಕ್ಕಿಂತ, ನಡೆದಾದ ಮೇಲೆ ಕಲ್ಲುಬೆಂಚಿನ ಮೇಲೆ ನಾಲ್ವರು ಒತ್ತಿಕೊಂಡು ಕೂತು ಮಾಸ್ಕ್ ಗಲ್ಲಕ್ಕಿಳಿಸಿ ರಾಜಕೀಯ ಮಾತಾಡುವುದರಿಂದ ಆಗುವ ಅಪಾಯ ದೊಡ್ಡದು. ಒಬ್ಬರೇ ನಡೆಯಿರಿ ಅಥವಾ ಮನೆಯವರೊಡನೆ ನಡೆಯಿರಿ. ಬೆಳಕು ಹರಿದ ಮೇಲೆ, ಜನ ಕಡಿಮೆ ಇರುವ ರಸ್ತೆಯಲ್ಲಿ ಹೋಗಿ. ಮಾಸ್ಕ್ ಹಾಕಿಕೊಂಡು ಏದುಸಿರು ಬರುವಂತೆ ಓಡಬೇಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ವಾರಕ್ಕೆ 150ರಿಂದ 300 ನಿಮಿಷ ಇಂಥ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಹೇಳಿದೆ. ದಿನಕ್ಕೆ ಇಪ್ಪತ್ತೈದು ನಿಮಿಷವೆಂದರೂ ಲೆಕ್ಕ ಸರಿಹೋಗುತ್ತದೆ. ಒಂದೇ ಸಲ ಆಗದಿದ್ದರೆ ಮೂರು ಕಂತಿನಲ್ಲಿ ತೀರಿಸಿ, ಬಡ್ಡಿಯೇನೂ ಬೀಳುವುದಿಲ್ಲ.

ಹೊರಗೆ ಹೋಗುವಂತೆಯೇ ಇಲ್ಲದಿದ್ದರೆ ತಾರಸಿ ಇದೆ. ಮೈಸೂರಿನ 30x40 ಸೈಟಿನ ಮನೆಯ ತಾರಸಿಯಲ್ಲಿ ಅಂಚು ಬಿಟ್ಟು 25x35 ಅಡಿಯ ಸುತ್ತು ಸಿಗುತ್ತದೆ ಎಂದುಕೊಳ್ಳಿ. ಒಂದು ಸುತ್ತಿಗೆ 120 ಅಡಿ. ಹಾಗಾದರೆ ಒಂದು ಕಿಲೋಮೀಟರಿಗೆ ಸುಮಾರು 27 ಸುತ್ತು. ಲೆಕ್ಕ ತಪ್ಪದಿರಲು ನಾನು ಒಂದು ಬಟ್ಟಲಿನಲ್ಲಿ 27 ಹುಣಸೆಬೀಜ ಇಟ್ಟುಕೊಂಡು ಸುತ್ತಿಗೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕುತ್ತಿದ್ದೆ. ಅರ್ಧವಾದ ಮೇಲೆ ದಿಕ್ಕು ಬದಲಿಸಿ. ಪ್ರದಕ್ಷಿಣೆಯ ಅಭ್ಯಾಸದಿಂದ ನಾವೆಲ್ಲ ಬಲಕ್ಕೇ ತಿರುಗುತ್ತೇವೆ, ಒಂದೇ ಮಂಡಿಯ ಮೇಲೆ ಭಾರ ಬೀಳುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಊಟವಾದ ಮೇಲೆ ಮಲಗುವವರೆಗೆ ಮೂರು ನಾಲ್ಕು ಗಂಟೆ ಖಾಲಿ ಉಳಿಯುತ್ತದೆ, ಅದೆಲ್ಲ ಟಿ.ವಿ. ಪಾಲು. ಊಟದ ನಂತರ ಹದಿನೈದು ನಿಮಿಷದ ನಿಧಾನ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಡೆಯುತ್ತದೆ, ಮಧುಮೇಹ ಇರುವವರಿಗೆ ಇದು ಬಹಳ ಮುಖ್ಯ.

ನಡಿಗೆಯೊಂದೇ ಸಾಲದು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು. ಇದಕ್ಕೆ ಯಾವ ಸಾಮಾನೂ ಬೇಡ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, ಕೈ ಊರದೆ ಎದ್ದು ಮತ್ತೆ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಯಿತು ಎಂದು ಮನೆಯವರು ಎಣಿಸಲಿ. ವೈದ್ಯರು ಬಳಸುವ ಅಳತೆಯ ಪ್ರಕಾರ 65ರಿಂದ 69ರ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಗ್ಗಿದೆ, ಬೀಳುವ ಸಂಭವ ಇದೆ ಎಂದು ಅರ್ಥ. ಇದೇ ಪರೀಕ್ಷೆ, ಇದೇ ವ್ಯಾಯಾಮ. ಐದರಿಂದ ಶುರುಮಾಡಿ ವಾರಕ್ಕೊಂದು ಹೆಚ್ಚಿಸಿ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನು ಹಾಲು ಉಕ್ಕುವುದನ್ನು ಕಾಯುವಾಗಲೇ ಮಾಡಬಹುದು. ಅದೇ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ. ಗೋಡೆಗೆ ಎರಡೂ ಅಂಗೈ ಊರಿ ಮೈಯನ್ನು ಹತ್ತಿರ ತಂದು ಹಿಂದಕ್ಕೆ ದೂಡಿದರೆ ತೋಳಿಗೆ ಬಲ. ಮಂಡಿ ನೋವಿದ್ದವರು ಮೆಟ್ಟಿಲನ್ನು ವ್ಯಾಯಾಮಕ್ಕೆ ಬಳಸಬೇಡಿ, ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚು.

ಯೋಗದ ಬಗ್ಗೆ ಒಂದು ಮಾತು. ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ ಊರಿನವರು ನಾವು. ಆದರೆ ಎಪ್ಪತ್ತನೆಯ ವಯಸ್ಸಿನಲ್ಲಿ ಮೊಬೈಲು ನೋಡಿಕೊಂಡು ಮೊದಲ ಸಲ ಶೀರ್ಷಾಸನಕ್ಕೆ ಇಳಿಯಬೇಡಿ. ಮೊದಲಿನಿಂದ ಅಭ್ಯಾಸ ಇದ್ದವರು ಬಿಡಬೇಡಿ, ಇಲ್ಲದವರು ಗುರುಗಳಿಂದ ಕಲಿಯಿರಿ.

ಕೋವಿಡ್ ಬಂದು ಹೋದವರಿಗೆ ಮಾತ್ರ ಮೇಲೆ ಹೇಳಿದ್ದೆಲ್ಲ ಹಾಗೆಯೇ ಅನ್ವಯಿಸುವುದಿಲ್ಲ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. 2021ರ ಮೇ ತಿಂಗಳಲ್ಲಿ ನನಗೂ ಬಂತು, ಮನೆಯಲ್ಲೇ ವಾಸಿಯಾಯಿತು. ಜ್ವರ ಬಿಟ್ಟ ಮೂರನೆಯ ದಿನ, ಸೇವೆಗೆ ಹುಡುಗರು ಸಾಲದಾಗಿದ್ದಾರೆ ಎಂಬ ಅವಸರದಲ್ಲಿ, ತಾರಸಿಗೆ ಹೋಗಿ ನನ್ನ 27 ಬೀಜ ಮುಗಿಸಲು ಹೊರಟೆ. ಒಂಬತ್ತನೆಯ ಸುತ್ತಿಗೆ ಎದೆ ಡವಡವ ಎಂದು ಕಣ್ಣು ಕತ್ತಲೆ ಬಂತು. ಮಗ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ. ವೈದ್ಯರು ಬೈದು ಹೇಳಿದ್ದು ಇದು: ಈ ಸೋಂಕು ಶ್ವಾಸಕೋಶವನ್ನಷ್ಟೇ ಅಲ್ಲ, ಹೃದಯದ ಸ್ನಾಯುವನ್ನೂ ಮುಟ್ಟಬಹುದು. ಯಾವ ಲಕ್ಷಣವೂ ಇಲ್ಲದೆ ಪೂರ್ತಿ ಒಂದು ವಾರ ಕಳೆದ ಮೇಲೆ ಮಾತ್ರ ಐದು ನಿಮಿಷದ ನಡಿಗೆಯಿಂದ ಶುರುಮಾಡಬೇಕು. ಎದೆನೋವು, ಎದೆಬಡಿತ, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಆಸ್ಪತ್ರೆ ಸೇರಿ ಬಂದವರು ವೈದ್ಯರನ್ನು ಕೇಳದೆ ಶುರುಮಾಡಲೇಬಾರದು.

ಸೋಂಕು ಇರುವಾಗ ನಡಿಗೆಗೆ ಬೇರೆ ಉಪಯೋಗವಿದೆ. ಬೆರಳಿಗೆ ಆಕ್ಸಿಮೀಟರು ಹಾಕಿ ಅಂಕಿ ನೋಡಿಕೊಳ್ಳಿ, ಕೋಣೆಯೊಳಗೆ ಸಮತಟ್ಟಾದ ನೆಲದಲ್ಲಿ ಆರು ನಿಮಿಷ ನಡೆದು ಮತ್ತೆ ನೋಡಿ. 94ಕ್ಕಿಂತ ಕೆಳಗಿಳಿದರೆ ಅಥವಾ ಮೊದಲಿಗಿಂತ 3ಕ್ಕೂ ಹೆಚ್ಚು ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಗುರುಬಣ್ಣ ಇದ್ದರೆ ಅಂಕಿ ತಪ್ಪಾಗಬಹುದು, ಒರೆಸಿಕೊಳ್ಳಿ. ಕೂತಲ್ಲೇ ಅಂಕಿ ಕಡಿಮೆ ಇರುವವರು, ಆಸ್ತಮಾ ಇರುವವರು ಈ ಪರೀಕ್ಷೆ ಮಾಡಬಾರದು.

ಚಾತುರ್ಮಾಸದ ಬಗ್ಗೆಯೂ ಒಂದು ಮಾತು. ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸ ಮಾಡುವವರು ಆ ದಿನ ಬಿರುಸಿನ ನಡಿಗೆ, ಕುರ್ಚಿ ವ್ಯಾಯಾಮ ಬಿಡಿ, ಮನೆಯೊಳಗೆ ಓಡಾಡಿದರೆ ಸಾಕು. ನೀರನ್ನೂ ಬಿಡುವವರು ಬಿಸಿಲಿಗೆ ಹೋಗಲೇಬೇಡಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಉಪವಾಸದ ಸಂಕಲ್ಪಕ್ಕೆ ಮುಂಚೆಯೇ ವೈದ್ಯರೊಡನೆ ಮಾತಾಡಿ. ಪಾರಣೆಯ ಮರುದಿನದಿಂದ ಮತ್ತೆ ಮೊದಲಿನಂತೆ ಶುರುಮಾಡಬಹುದು.

ಮೊದಲು ಹೇಳಿದ ಅಮ್ಮನವರ ಮನೆಗೆ ಈಗಲೂ ತಿಂಗಳ ದಿನಸಿ ನಾನೇ ತಲುಪಿಸುತ್ತೇನೆ. ಆದರೆ ಚೀಲವನ್ನು ಒಳಗೆ ಇಡುವುದಿಲ್ಲ, ಬಾಗಿಲಲ್ಲಿ ನಿಂತು ಕೂಗುತ್ತೇನೆ, ಅವರೇ ಎದ್ದು ಬರಬೇಕು. 2020ರಲ್ಲಿ ಕುರ್ಚಿಯಿಂದ ಕೈ ಊರದೆ ಒಂದು ಸಲವೂ ಏಳಲು ಆಗುತ್ತಿರಲಿಲ್ಲ, 2021ರಲ್ಲಿ ಆರು ಸಲ ಎದ್ದರು. 2021ರ ಜುಲೈ 5ರಂದು ಬಸದಿ ಮತ್ತೆ ತೆರೆದಾಗ ಐದು ಮೆಟ್ಟಿಲನ್ನೂ ಹತ್ತಿದರು, ನಡುವೆ ಒಂದು ಸಲ ನಿಂತು.