ಬೆಲ್ಲಿ ಕಚ್ಚಲ್ವಾ?

‘ಕಚ್ಚುತ್ತಾ?’ ನಮ್ಮ ಬೆಲ್ಲಿಯನ್ನು ವಾಕಿಂಗ್ ಕರೆದುಕೊಂಡು ಹೊರಟರೆ ಎದುರಾದವರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, ‘ಪಿಟ್‌ಬುಲ್ ಅಲ್ವಾ?’ ಹೌದು ಅಂದರೆ ಮೂರನೇ ಪ್ರಶ್ನೆ ಬರುವುದಿಲ್ಲ. ಅಷ್ಟರಲ್ಲಿ ರಸ್ತೆಯ ಆಚೆ ಬದಿಗೆ ದಾಟಿರುತ್ತಾರೆ.

ಬೆಲ್ಲದ ಬಣ್ಣ, ಅದಕ್ಕೇ ಬೆಲ್ಲಿ. 2024ರ ಮಾರ್ಚ್ ಕೊನೆಯಲ್ಲಿ ನಮ್ಮ ಕಾಲೇಜಿನ ಹಿಂದಿನ ಲೇಔಟ್‌ನ ಲೈಟ್ ಕಂಬಕ್ಕೆ ಯಾರೋ ಕಟ್ಟಿ ಹೋಗಿದ್ದರು. ಕಿವಿ ಕತ್ತರಿಸಿದ್ದರು. ಕುತ್ತಿಗೆ ಸುತ್ತ ಸರಪಳಿಯ ಗಾಯ. ಅದೇ ತಿಂಗಳ 12ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಪಿಟ್‌ಬುಲ್ ಸೇರಿ 23 ತಳಿಗಳ ಮಾರಾಟಕ್ಕೆ, ಮರಿ ಮಾಡಿಸುವುದಕ್ಕೆ ಅನುಮತಿ ಕೊಡಬೇಡಿ, ಈಗಾಗಲೇ ಸಾಕಿರುವವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಎಂದು. ಅದು ವಾಟ್ಸ್‌ಆ್ಯಪ್‌ಗೆ ಬರುವಷ್ಟರಲ್ಲಿ ‘ಮನೇಲಿಟ್ಕೊಂಡ್ರೆ ಜೈಲು’ ಅಂತಾಗಿತ್ತು. ಹೆದರಿದ ಯಾರೋ ರಾತ್ರೋರಾತ್ರಿ ತಂದು ಕಟ್ಟಿರಬೇಕು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂದು ಸುತ್ತೋಲೆಯನ್ನೇ ರದ್ದು ಮಾಡಿತು. ಆ ಸುದ್ದಿ ಮಾತ್ರ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಬರಲೇ ಇಲ್ಲ!

ಬೆಲ್ಲಿ ಎರಡು ತಿಂಗಳು ಪ್ರಾಣಿರಕ್ಷಣಾ ಕೇಂದ್ರದಲ್ಲಿದ್ದಳು. ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಲ್ಯಾಬ್ರಡಾರ್‌ಗಳು ಬಂದಷ್ಟೇ ಬೇಗ ಯಾರದೋ ಕಾರು ಹತ್ತುತ್ತಿದ್ದವು. ಇವಳ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ‘ಮನೆಗೆ ತರ್ತೀನಿ’ ಅಂದಾಗ ಅಮ್ಮ, ‘ತಲೆಗಿಲೆ ಕೆಟ್ಟಿದ್ಯೇನೇ? ಲಕ್ನೋದ್ದು ಮರೆತೋಯ್ತಾ?’ ಅಂದರು. 2022ರಲ್ಲಿ ಲಕ್ನೋದಲ್ಲಿ ಮನೆಯ ಪಿಟ್‌ಬುಲ್ಲೇ ವೃದ್ಧೆಯೊಬ್ಬರನ್ನು ಕಚ್ಚಿ ಕೊಂದಿತ್ತು. ನಮ್ಮನೆಯಲ್ಲೂ ಅಜ್ಜಿ ಇದ್ದಾರೆ. ಅಮ್ಮನ ಭಯವನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ.

ಆಗ ಅಮ್ಮನಿಗೆ ಹೇಳಿದ ಕಥೆ ಅಮೆರಿಕದ್ದು. ಅಲ್ಲಿನ ಫುಟ್‌ಬಾಲ್ ತಾರೆ ಮೈಕೆಲ್ ವಿಕ್ ವರ್ಜೀನಿಯಾದ ತನ್ನ ಜಾಗದಲ್ಲಿ ನಾಯಿ ಕಾದಾಟ ನಡೆಸುತ್ತಿದ್ದದ್ದು 2007ರಲ್ಲಿ ಬಯಲಾಯಿತು. ಸುಮಾರು 50 ಪಿಟ್‌ಬುಲ್‌ಗಳು ಸಿಕ್ಕವು. ಕಾದಾಟದ ನಾಯಿಗಳನ್ನು ಕೊಲ್ಲುವುದೇ ಆಗಿನ ರೂಢಿ. ಈ ಸಲ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಆಕ್ರಮಣಕಾರಿ ಎಂಬ ಕಾರಣಕ್ಕೆ ಕೊಲ್ಲಬೇಕಾಗಿ ಬಂದದ್ದು ಒಂದನ್ನು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಪುನರ್ವಸತಿ ಕೇಂದ್ರಗಳಿಗೆ ಹೋದವು, ಹಲವಕ್ಕೆ ಮನೆ ಸಿಕ್ಕಿತು. ಜಾನಿ ಜಸ್ಟಿಸ್ ಎಂಬ ನಾಯಿಯಂತೂ ಪಕ್ಕದಲ್ಲಿ ಮಲಗಿದ್ದರೆ ಮಕ್ಕಳು ಅವನಿಗೆ ಪುಸ್ತಕ ಓದಿ ಹೇಳುತ್ತಿದ್ದರು.

‘ಕಚ್ಚಿದ್ರೆ ದವಡೆ ಲಾಕ್ ಆಗುತ್ತಂತೆ’ ಅಂತ ಕ್ಲಾಸ್‌ಮೇಟ್‌ಗಳು ಹೆದರಿಸಿದ್ದರು. ಮೆಕ್ಯಾನಿಕಲ್ ಓದುವವಳಿಗೆ ಲಾಕ್ ಅಂದರೆ ಎಲ್ಲಿದೆ ನೋಡುವ ಚಪಲ. ಪಶುವೈದ್ಯರನ್ನು ಕೇಳಿದೆ. ‘ಎಲ್ಲಾ ನಾಯಿಗೂ ಇರೋ ದವಡೆನೇಮ್ಮ. ಲಾಕ್ ಇಲ್ಲ, ಬಲ ಇದೆ, ಹಟ ಇದೆ. ಅದನ್ನ ಮರೀಬೇಡ’ ಅಂದರು. ಮರೆತಿಲ್ಲ. ಇದರ ಪೂರ್ವಿಕರನ್ನು ಕಾದಾಟಕ್ಕೆಂದೇ ಬೆಳೆಸಿದ್ದು. ಬೆಲ್ಲಿಗೆ ಇವತ್ತಿಗೂ ಬೇರೆ ನಾಯಿ ಕಂಡರೆ ಆಗುವುದಿಲ್ಲ. ಹೊರಗೆ ಹೊರಟರೆ ಗಟ್ಟಿ ಬೆಲ್ಟ್, ಬಾಯಿಗೆ ಕರುವಿಗೆ ಹಾಕುವ ಕುಕ್ಕೆಯಂಥ ಮಝಲ್. ಅಜ್ಜಿಯೊಬ್ಬರೇ ಇದ್ದಾಗ ಅವಳು ಬೇರೆ ರೂಮಿನಲ್ಲಿ. ಆಪರೇಷನ್, ಲಸಿಕೆ, ಟ್ರೇನರ್ ಫೀಸು ಎಲ್ಲ ಸೇರಿ ನಾನು ಹೊಸ ಲ್ಯಾಪ್‌ಟಾಪ್‌ಗೆ ಕೂಡಿಟ್ಟದ್ದು ಮುಗಿಯಿತು. ಸ್ಟೈಲ್‌ಗೆ ಪಿಟ್‌ಬುಲ್ ಬೇಕು ಅನ್ನುವ ಹುಡುಗರು ಸಿಕ್ಕಿದರೆ ಮೊದಲು ಈ ಲೆಕ್ಕವನ್ನೇ ಹೇಳುತ್ತೇನೆ.

ಜೂನ್‌ನಲ್ಲಿ ಅವಳು ಬಂದ ಮೂರನೇ ದಿನವೇ ಮಹಡಿಯಿಂದ ಓನರ್ ಅಂಕಲ್ ಇಳಿದು ಬಂದರು. ‘ಒಂದೋ ನಾಯಿ ಇರಬೇಕು, ಇಲ್ಲಾ ನೀವಿರಬೇಕು.’ ಅಲ್ಲಿಯವರೆಗೆ ಯಾವ ಕಡೆಯೂ ಮಾತಾಡದ ಅಪ್ಪ, ‘ಮೂರು ತಿಂಗಳು ನೋಡಿ ಸಾರ್. ಯಾರಿಗಾದ್ರೂ ತೊಂದರೆ ಆದ್ರೆ ನಾವೇ ಖಾಲಿ ಮಾಡ್ತೀವಿ’ ಅಂದರು. ಆ ಮೂರು ತಿಂಗಳು ಗೇಟ್ ಸದ್ದಾದರೂ ನನ್ನೆದೆ ಹೊಡೆದುಕೊಳ್ಳುತ್ತಿತ್ತು. ಸೆಮಿಸ್ಟರ್ ಪರೀಕ್ಷೆಗೂ ಅಷ್ಟು ಹೆದರಿದವಳಲ್ಲ.

ದೀಪಾವಳಿಯ ರಾತ್ರಿ ಪಟಾಕಿ ಸದ್ದಿಗೆ ಬೆಲ್ಲಿ ಅಜ್ಜಿಯ ಮಂಚದ ಕೆಳಗೆ ಸೇರಿ ನಡುಗುತ್ತಿದ್ದಳು. ಉಚ್ಚೆ ಹೊಯ್ದುಕೊಂಡಿದ್ದಳು. ಅಜ್ಜಿ ಮಂಚದಿಂದ ಕೈ ಇಳಿಬಿಟ್ಟು, ‘ಏನಿಲ್ಲ ಮಗಾ, ಏನಿಲ್ಲ’ ಅಂತ ತಲೆ ಸವರುತ್ತಿದ್ದರು. ಬಾಡಿಗೆ ಇಸಿದುಕೊಳ್ಳಲು ಬಂದ ಓನರ್ ಅಂಕಲ್ ಬಾಗಿಲಲ್ಲೇ ನಿಂತು ನೋಡಿದರು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಅವರ ಜೋರು ದನಿ ಕೇಳಿಸಿತು: ‘ಏಯ್, ಪಟಾಕಿ ಎಲ್ಲಾ ಆ ಮೂಲೇಲಿ ಹೊಡೀರೋ!’

ಆಮೇಲೆ ಅಗ್ರಿಮೆಂಟ್ ರಿನ್ಯೂ ಮಾಡುವಾಗ ಬಾಡಿಗೆ 500 ರೂಪಾಯಿ ಜಾಸ್ತಿ ಮಾಡಿದರು. ನಾಯಿಯ ಮಾತೆತ್ತಲಿಲ್ಲ.