ಬೆರಳೋ, ರಬ್ಬರೋ, ಮಂಜುಗಡ್ಡೆಯೋ?

2016ರ ನವೆಂಬರ್‌ನಲ್ಲಿ ಟೊಯೋಟಾ ಕಂಪನಿ ತನ್ನ ಸಿಯೆನ್ನಾ ಮಿನಿವ್ಯಾನ್‌ಗಳನ್ನು ರಿಪೇರಿಗೆಂದು ವಾಪಸ್ ಕರೆಯಿತು. 2011ರಿಂದ 2016ರವರೆಗಿನ ಮಾದರಿಗಳವು. ಅಮೆರಿಕ ಒಂದರಲ್ಲೇ ಸುಮಾರು 7 ಲಕ್ಷ 44 ಸಾವಿರ ಗಾಡಿಗಳು. ಹೊರಗಿನವೂ ಸೇರಿ 8 ಲಕ್ಷ ದಾಟಿದವು. ಗಾಡಿ ಓಡುತ್ತಿರುವಾಗ ಪಕ್ಕದ ಬಾಗಿಲು ತಾನಾಗಿ ತೆರೆದುಕೊಳ್ಳಬಹುದು ಎಂಬುದು ಕಂಪನಿ ಕೊಟ್ಟ ಕಾರಣ. ಅದರ ಮೂಲ ಹುಡುಕುತ್ತ ಹೋದರೆ ಸಿಗುತ್ತಿದ್ದದ್ದು ಒಂದು ಫ್ಯೂಸ್. ಕೆಟ್ಟ ಫ್ಯೂಸ್ ಅಲ್ಲ, ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ ಫ್ಯೂಸ್.

ಜಾರುಬಾಗಿಲು ನಮ್ಮವರಿಗೆ ಹೊಸದೇನಲ್ಲ. ಮಾರುತಿ ಓಮ್ನಿಯ ಬಾಗಿಲನ್ನು ಜೋರಾಗಿ ಎಳೆದು ಮುಚ್ಚಿದ ಕೈಗಳು ಊರೂರಲ್ಲಿವೆ. (ಸಿನಿಮಾದಲ್ಲಿ ಅಪಹರಣದ ದೃಶ್ಯ ಬಂದರೆ ಆ ಬಾಗಿಲಿಗೆ ಕಾಯಂ ಪಾತ್ರ.) ಆದರೆ ಅದನ್ನು ಸರಿಸುತ್ತಿದ್ದದ್ದು ರಟ್ಟೆಯ ಬಲ. ಮೋಟಾರು ಆ ಕೆಲಸ ವಹಿಸಿಕೊಂಡದ್ದು ಉತ್ತರ ಅಮೆರಿಕದ ಕುಟುಂಬಗಳ ಗಾಡಿಯಲ್ಲಿ. ಕ್ರೈಸ್ಲರ್ ಕಂಪನಿಯ ಮೊದಲ ಮಿನಿವ್ಯಾನ್ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಹೊರಬಂದದ್ದು 1983ರ ನವೆಂಬರ್‌ನಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಜನರಲ್ ಮೋಟರ್ಸ್ ತನ್ನ ಮಿನಿವ್ಯಾನ್‌ಗಳಿಗೆ ಗುಂಡಿ ಒತ್ತಿದರೆ ಸರಿಯುವ ಬಾಗಿಲು ಕೂರಿಸಿತು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಸಾಮಾನಿನ ಚೀಲ ಹಿಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ. ಇವತ್ತು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿದ ಕನ್ನಡದ ಮನೆಗಳಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ವಿಮಾನ ನಿಲ್ದಾಣದಿಂದ ಕರೆತರುವುದು ಎಷ್ಟೋ ಸಲ ಸಿಯೆನ್ನಾ ಅಥವಾ ಹೋಂಡಾ ಒಡಿಸ್ಸಿಯೇ.

ಹೊರಗಿನಿಂದ ಸಲೀಸಾಗಿ ಕಾಣುವ ಈ ಬಾಗಿಲಿನ ಹಿಂದೆ ಸಾಕಷ್ಟು ಸಂಸಾರವಿದೆ. ಮೇಲೊಂದು, ಕೆಳಗೊಂದು, ಗಾಡಿಯ ಹೊರಮೈಯಲ್ಲಿ ಕಿಟಕಿಯ ಕೆಳಗೆ ಇನ್ನೊಂದು, ಹೀಗೆ ಮೂರು ಹಳಿಗಳ ಮೇಲೆ ಉರುಳೆಗಳು ಓಡುತ್ತವೆ. ಮೋಟಾರು ಒಂದು ಉಕ್ಕಿನ ಕೇಬಲ್ಲನ್ನು ಸುತ್ತುತ್ತ ಬಿಚ್ಚುತ್ತ ಬಾಗಿಲನ್ನು ಎಳೆಯುತ್ತದೆ. ಬಾಗಿಲು ಚೌಕಟ್ಟಿನ ಹತ್ತಿರ ಬಂದಾಗ ಚಿಲಕ ಮೊದಲು ಅರ್ಧ ಹಿಡಿಯುತ್ತದೆ. ಬಳಿಕ ಇನ್ನೊಂದು ಪುಟ್ಟ ಮೋಟಾರು ಅದನ್ನು ಒಳಕ್ಕೆ ಸೆಳೆದು ಪೂರ್ತಿ ಬಿಗಿಮಾಡುತ್ತದೆ. ತೆರೆಯುವಾಗ ಚಿಲಕವನ್ನು ಬಿಡಿಸುವುದೂ ವಿದ್ಯುತ್ತೇ.

ಇಷ್ಟೆಲ್ಲ ಮಾಡುವ ಯಂತ್ರಕ್ಕೆ ಕಣ್ಣಿಲ್ಲ. ದಾರಿಯಲ್ಲಿ ಏನೋ ಅಡ್ಡ ಬಂದಿದೆ ಎಂದು ಅದಕ್ಕೆ ತಿಳಿಯುವುದು ಮುಖ್ಯವಾಗಿ ಎರಡು ಸುಳಿವುಗಳಿಂದ: ಮೋಟಾರಿನ ವೇಗ ತಗ್ಗುತ್ತದೆ, ಅದು ಎಳೆಯುವ ಕರೆಂಟು ಏರುತ್ತದೆ. ಮಿತಿ ಮೀರಿದರೆ ಕಂಪ್ಯೂಟರು ಬಾಗಿಲನ್ನು ಹಿಂದಕ್ಕೆ ಸರಿಸುತ್ತದೆ. ಹಲವು ಗಾಡಿಗಳಲ್ಲಿ ಬಾಗಿಲಿನ ಅಂಚಿಗೆ ಒತ್ತಡ ತಗುಲಿದರೆ ಸಂಕೇತ ಕಳಿಸುವ ರಬ್ಬರ್ ಪಟ್ಟಿಯೂ ಇರುತ್ತದೆ. ಆ ಪಟ್ಟಿಯ ಮೇಲೆ ಬೀಳದ ಯಾವುದೇ ಅಡ್ಡಿಯ ವಿಷಯದಲ್ಲಿ ಕಂಪ್ಯೂಟರು ಮಾಡುವುದು ಬರೀ ಊಹೆ. ಮಗುವಿನ ಬೆರಳು, ಬಾಗಿಲಂಚಿನ ದಪ್ಪ ರಬ್ಬರು, ಹಳಿಯಲ್ಲಿ ಸೇರಿದ ಕೊಳೆ, ಚಳಿಗೆ ಅಂಟಿದ ಮಂಜುಗಡ್ಡೆ, ಎಲ್ಲವೂ ಅದಕ್ಕೆ ಒಂದೇ ಭಾಷೆಯಲ್ಲಿ ಮಾತಾಡುತ್ತವೆ.

ಇಳಿಜಾರು ಈ ಊಹೆಯನ್ನು ಇನ್ನಷ್ಟು ಕೆಡಿಸುತ್ತದೆ. ನಲವತ್ತು ಕಿಲೋ ತೂಕದ ಬಾಗಿಲು ಎಂದು ಇಟ್ಟುಕೊಳ್ಳೋಣ. ಹತ್ತು ಡಿಗ್ರಿ ಓರೆಯ ರಸ್ತೆಯಲ್ಲಿ ಗಾಡಿ ನಿಂತರೆ ಆ ಬಾಗಿಲು ಬರೀ ತನ್ನ ಭಾರದಿಂದಲೇ ಇಳಿಜಾರಿನ ಕಡೆಗೆ ಸುಮಾರು 68 ನ್ಯೂಟನ್ ಬಲದಿಂದ, ಅಂದರೆ ಏಳು ಕಿಲೋ ತೂಕದಷ್ಟು, ಜಗ್ಗುತ್ತದೆ. ಅಮೆರಿಕದ ನಿಯಮದಲ್ಲಿ ತಾನಾಗಿ ಮೇಲೇರುವ ಕಿಟಕಿ ಗಾಜು 100 ನ್ಯೂಟನ್ ಮೀರುವ ಮೊದಲೇ ಹಿಂದೆ ಸರಿಯಬೇಕು. ಆ ಮಿತಿಯ ಮೂರನೆಯ ಎರಡು ಪಾಲನ್ನು ಬಾಗಿಲಿನ ಮಟ್ಟಿಗೆ ಗುರುತ್ವವೇ ನುಂಗಿಬಿಡುತ್ತದೆ. ಮುಂಭಾಗ ಏರಿ ನಿಂತ ಗಾಡಿಯಲ್ಲಿ ಮೋಟಾರು ಈ ಭಾರವನ್ನು ಎಳೆದುಕೊಂಡೇ ಬಾಗಿಲು ಮುಚ್ಚಬೇಕು. ಮುಂಭಾಗ ತಗ್ಗಿದ್ದರೆ ಅದೇ ಭಾರ ಬಾಗಿಲನ್ನು ಮುಂದಕ್ಕೆ ತಳ್ಳುತ್ತದೆ. ಅಡ್ಡಿಯ ಮಿತಿಯನ್ನು ತೀರ ಕಡಿಮೆ ಇಟ್ಟರೆ ಬಾಗಿಲು ಏರಿನಲ್ಲಿ ಮುಚ್ಚುವುದೇ ಇಲ್ಲ. ಹೆಚ್ಚು ಇಟ್ಟರೆ ಬೆರಳಿಗೆ ಕೇಡು. ಅದರಲ್ಲೂ ರಬ್ಬರನ್ನು ಅಮುಕಿ ಗಾಳಿ, ಮಳೆ ನುಗ್ಗದಂತೆ ಬಿಗಿಯಾಗಬೇಕಾದ ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಮೋಟಾರಿಗೆ ಅತಿ ಹೆಚ್ಚು ಬಲ ಬೇಕು. ಬೆರಳು ಸಿಕ್ಕಿಕೊಳ್ಳುವ ಸಂದೂ ಅದೇ.

ಸಿಯೆನ್ನಾದಲ್ಲಿ ತೊಂದರೆ ಕೊಟ್ಟದ್ದು ತೆರೆಯುವ ಕಡೆಯ ಅಡ್ಡಿ. ಚಳಿಗಾಲದ ಬೆಳಿಗ್ಗೆ ಬಾಗಿಲು ಚೌಕಟ್ಟಿಗೆ ಹೆಪ್ಪುಗಟ್ಟಿ ಅಂಟಿರುತ್ತದೆ. ಗುಂಡಿ ಒತ್ತಿದಾಗ ಚಿಲಕ ಬಿಡುತ್ತದೆ, ಮೋಟಾರು ಎಳೆಯುತ್ತದೆ, ಬಾಗಿಲು ಮಾತ್ರ ಅಲ್ಲಾಡುವುದಿಲ್ಲ. ಕರೆಂಟು ಏರುತ್ತದೆ, ತಂತಿ ಸುಡಬಾರದೆಂದು ಫ್ಯೂಸ್ ಹೋಗುತ್ತದೆ. ಆ ಕ್ಷಣಕ್ಕೆ ಚಿಲಕ ಬಿಟ್ಟ ಸ್ಥಿತಿಯಲ್ಲಿದ್ದರೆ ಅದನ್ನು ಮರಳಿ ಹಿಡಿಸಲು ವಿದ್ಯುತ್ತೇ ಇಲ್ಲ. ಫ್ಯೂಸ್ ತಂತಿಯನ್ನು ಕಾಪಾಡಿತು. ಒಳಗೆ ಕೂತವರನ್ನು ಕಾಪಾಡಬೇಕಾದ ಚಿಲಕ ಅರ್ಧ ದಾರಿಯಲ್ಲಿ ನಿಂತಿತು. ಬಿಡಿಬಿಡಿಯಾಗಿ ನೋಡಿದರೆ ಯಾವ ಭಾಗದ್ದೂ ತಪ್ಪಿಲ್ಲ ಎಂಬುದೇ ಈ ಪ್ರಕರಣದ ಸ್ವಾರಸ್ಯ. ರಿಪೇರಿಯೂ ಅದಕ್ಕೆ ತಕ್ಕಂತೆ ಬಾಗಿಲಿನಲ್ಲಿ ನಡೆಯಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದಿನ ವಿದ್ಯುತ್ ಪೆಟ್ಟಿಗೆಯನ್ನು ಬದಲಿಸಿ ಹೊಸ ತಂತಿಗಳನ್ನು ಹಾಕಿದರು.

ಹೋಂಡಾಕ್ಕೂ ಚಳಿ ತಟ್ಟಿತು. 2018ರಲ್ಲಿ ಅದು ಒಡಿಸ್ಸಿಯ ಸುಮಾರು 1 ಲಕ್ಷ 7 ಸಾವಿರ ಗಾಡಿಗಳನ್ನು ಕರೆಸಿಕೊಂಡದ್ದು ಜಾರುಬಾಗಿಲಿನ ಹಿಂಬದಿಯ ಚಿಲಕ ಸರಿಯಾಗಿ ಕೂರದಿರಬಹುದು ಎಂಬ ಕಾರಣಕ್ಕೆ. 2020ರಲ್ಲಿ ಅದೇ ಗಾಡಿಗೆ ಮತ್ತೊಂದು ಕರೆ: ಹೊರಗಿನ ಹಿಡಿಯ ಕೇಬಲ್ಲಿಗೆ ನೀರು ಇಳಿದು ಹೆಪ್ಪುಗಟ್ಟಿದರೆ ಚಿಲಕ ಹಿಡಿಯದೆ ಹೋಗಬಹುದು.

ಮುಚ್ಚುವ ಕಡೆಯ ಕಥೆ ಕಿಯಾ ಕಾರ್ನಿವಲ್‌ನದು. 2023ರ ವಸಂತದಲ್ಲಿ ಅಮೆರಿಕದಲ್ಲಿ 51 ಸಾವಿರಕ್ಕೂ ಹೆಚ್ಚು ಕಾರ್ನಿವಲ್‌ಗಳಿಗೆ ಕರೆ ಹೋಯಿತು. ಮುಚ್ಚಿಕೊಳ್ಳುತ್ತಿದ್ದ ಬಾಗಿಲಿಗೆ ಸಿಕ್ಕಿ ಗಾಯವಾದ ಒಂಬತ್ತು ದೂರುಗಳು ಬಂದಿದ್ದವು. ಹೆಬ್ಬೆರಳು ಮುರಿದದ್ದೂ ಅವುಗಳಲ್ಲಿತ್ತು. ಇದಕ್ಕೆ ಸಿಕ್ಕ ಮದ್ದು ಸಾಫ್ಟ್‌ವೇರ್: ಬಾಗಿಲಿನ ವೇಗವನ್ನು ತಗ್ಗಿಸುವುದು, ಎಚ್ಚರಿಕೆಯ ಸದ್ದು ಸೇರಿಸುವುದು. ವೇಗ ಅರ್ಧವಾದರೆ ಬಾಗಿಲಿನ ಚಲನಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಕಂಪ್ಯೂಟರಿಗೆ ಯೋಚಿಸಲು ಸಮಯವೂ ಸಿಗುತ್ತದೆ. ಆ ಲೆಕ್ಕದಲ್ಲಿ ನಿಧಾನ ಒಳ್ಳೆಯದೇ. ಸದ್ದಿನ ವಿಷಯದಲ್ಲಿ ಅಷ್ಟು ಭರವಸೆ ಇಡುವುದು ಕಷ್ಟ. ಎರಡು ವರ್ಷದ ಮಗು ಪೀ ಪೀ ಎನ್ನುವ ಬಾಗಿಲಿನಿಂದ ದೂರ ಓಡುವ ಬದಲು ಅದರ ಕಡೆಗೇ ಬಂದರೂ ಬಂದೀತು.

ಕಾನೂನು ಇಲ್ಲಿ ಸ್ವಲ್ಪ ವಿಚಿತ್ರವಾಗಿದೆ. ಅಪಘಾತದಲ್ಲಿ ಬಾಗಿಲು ಕಿತ್ತುಬರಬಾರದು ಎಂಬ ಬಗ್ಗೆ ಅಮೆರಿಕದ ನಿಯಮ ಬಹಳ ಕಟ್ಟುನಿಟ್ಟು. 2007ರಲ್ಲಿ ತಿದ್ದಿದ 206ನೇ ಸಂಖ್ಯೆಯ ಮಾನದಂಡದ ಪ್ರಕಾರ ಜಾರುಬಾಗಿಲನ್ನು ಒಳಗಿನಿಂದ ಒಟ್ಟು 18,000 ನ್ಯೂಟನ್ ಬಲದಲ್ಲಿ, ಅಂದರೆ ಸುಮಾರು 1,800 ಕಿಲೋ ತೂಕದಷ್ಟು, ತಳ್ಳಿದರೂ 100 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಬೀಳಬಾರದು. ಈ ಕಟ್ಟುನಿಟ್ಟಿಗೆ ಹಿನ್ನೆಲೆಯಿದೆ. ಅಪಘಾತದಲ್ಲಿ ಗಾಡಿಯಿಂದ ಹೊರಗೆ ಎಸೆಯಲ್ಪಟ್ಟವರು ಬದುಕುಳಿಯುವ ಸಾಧ್ಯತೆ ತೀರ ಕಡಿಮೆ. 1990ರ ದಶಕದಲ್ಲಿ ಕ್ರೈಸ್ಲರ್ ಮಿನಿವ್ಯಾನ್‌ಗಳ ಹಿಂಬಾಗಿಲಿನ ಚಿಲಕ ಅಪಘಾತದಲ್ಲಿ ಬಿಟ್ಟುಕೊಂಡು ಮಕ್ಕಳು ಹೊರಗೆ ಬಿದ್ದು ಸತ್ತ ಪ್ರಕರಣಗಳ ನಂತರ, 1995ರಲ್ಲಿ ಕಂಪನಿ 40 ಲಕ್ಷಕ್ಕೂ ಹೆಚ್ಚು ಗಾಡಿಗಳ ಚಿಲಕ ಬದಲಿಸಲು ಒಪ್ಪಬೇಕಾಯಿತು. ಆದರೆ ಬೆರಳನ್ನು ಕಾಯುವ ಆ 100 ನ್ಯೂಟನ್ ಮಿತಿ ಇರುವುದು 118ನೇ ಮಾನದಂಡದಲ್ಲಿ. ಅದು ಕಿಟಕಿಗೆ ಅನ್ವಯ, ಚಾವಣಿಯ ಗಾಜಿಗೆ ಅನ್ವಯ. ಬಾಗಿಲಿನ ಹೆಸರು ಅದರಲ್ಲಿಲ್ಲ. ಕಿಟಕಿ ಗಾಜಿಗಿಂತ ಎಷ್ಟೋ ಪಟ್ಟು ಭಾರದ ವಸ್ತುವನ್ನು ತಯಾರಕರ ವಿವೇಚನೆಗೆ ಬಿಟ್ಟದ್ದು ಸಮರ್ಥಿಸಿಕೊಳ್ಳಲು ಸುಲಭವಾದ ನಿರ್ಧಾರವಲ್ಲ.

ವಯಸ್ಸೂ ಒಂದು ಸಮಸ್ಯೆ. ಬಾಗಿಲಿಗೆ ವಿದ್ಯುತ್ ಒಯ್ಯುವ ತಂತಿಗಳ ಕಟ್ಟು ಪ್ರತಿ ಸಲ ತೆರೆದು ಮುಚ್ಚಿದಾಗಲೂ ಬಾಗಿ ನೆಟ್ಟಗಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ದಿನಕ್ಕೆ ಹತ್ತಾರು ಬಾರಿ. ಲೋಹ ದಣಿದು ತಂತಿ ತುಂಡಾಗುತ್ತದೆ, ಕೇಬಲ್ಲಿನ ಎಳೆ ಬಿಚ್ಚುತ್ತದೆ, ಉರುಳೆ ಸವೆದು ಬಾಗಿಲು ಜೋಲುತ್ತದೆ.

ಭಾರತದಲ್ಲಿ ಈ ಬಾಗಿಲು ಇನ್ನೂ ಸಿರಿವಂತರ ಸೊತ್ತು. ಬಿಡದಿಯಲ್ಲಿ ತಯಾರಾಗುವ ಇನ್ನೋವಾದ್ದು ಕೀಲಿನ ಮೇಲೆ ತಿರುಗುವ ಮಾಮೂಲು ಬಾಗಿಲೇ. ಮೋಟಾರಿನ ಜಾರುಬಾಗಿಲು ಇರುವುದು ಕಾರ್ನಿವಲ್, ವೆಲ್‌ಫೈರ್ ತರದ ದುಬಾರಿ ಗಾಡಿಗಳಲ್ಲಿ. ಇಲ್ಲಿಯವರಿಗೆ ಮಂಜುಗಡ್ಡೆಯ ಕಾಟವಿಲ್ಲ, ಆದರೆ ಹಳಿಗೆ ಸೇರುವ ಕೆಂಪು ಧೂಳಿಗೆ, ಮಡಿಕೇರಿಯಂಥ ಕಡೆಯ ಏರು ರಸ್ತೆಗಳಿಗೆ ಬರವಿಲ್ಲ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಬಾಗಿಲಿನ ಮೋಟಾರನ್ನು ಪೂರ್ತಿ ಬಂದ್ ಮಾಡುವ ಸ್ವಿಚ್ಚೊಂದು ಚಾಲಕನ ಕೈಗೆಟುಕುವಲ್ಲಿ ಇರುತ್ತದೆ. ಸಿಯೆನ್ನಾ ಮಾಲೀಕರಿಗೂ ರಿಪೇರಿಯಾಗುವ ತನಕ ಮೋಟಾರು ಬಂದ್ ಮಾಡಿ ಕೈಯಿಂದಲೇ ಬಾಗಿಲು ಸರಿಸಿ ಎಂದು ಹೇಳಲಾಗಿತ್ತು. ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಈ ಸ್ವಿಚ್ಚಿಗೆ ಬದಲಿಯಲ್ಲ. ಅದು ತಡೆಯುವುದು ಒಳಗಿನ ಹಿಡಿಯನ್ನು ಎಳೆಯುವ ಮಗುವನ್ನು ಮಾತ್ರ. ಹೊರಗೆ ನಿಂತವರು ಜೇಬಿನಲ್ಲಿರುವ ರಿಮೋಟನ್ನು ಗೊತ್ತಿಲ್ಲದೆ ಒತ್ತಿದರೂ ಬಾಗಿಲು ಹೊರಡುತ್ತದೆ.