ಸೇತುವೆ ಉಳಿಸಿದ ಖಾಲಿ ಕೊಳವೆ

ರಂಗಂಪೇಟೆ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟವರ ಬಸ್ಸು ತಿಂಥಣಿಯಲ್ಲಿ ಕೃಷ್ಣೆ ದಾಟಿ, ರಾತ್ರಿಯಿಡೀ ಓಡಿ, ತುಮಕೂರು ರಸ್ತೆಯಿಂದ ಊರು ಹೊಗುವಾಗ ಪೀಣ್ಯ ಮೇಲ್ಸೇತುವೆ ಏರುತ್ತದೆ. ನಿದ್ದೆಗಣ್ಣಲ್ಲಿ ಕೂತವರಿಗೆ ಗೊತ್ತೇ, ಆ ಕಾಂಕ್ರೀಟನ್ನು ಎತ್ತಿ ಹಿಡಿದಿರುವುದು ಬಿಗಿದ ಉಕ್ಕಿನ ಹುರಿಗಳು ಎಂದು!

ಗಾರೆ ಕೆಲಸ ಮಾಡಿದವರ ಕೈಗೆ ಈ ಗುಟ್ಟು ಗೊತ್ತು. ಐದಾರು ಇಟ್ಟಿಗೆ ಸಾಲಾಗಿಟ್ಟು ಎರಡೂ ತುದಿಯಿಂದ ಒತ್ತಿ ಎತ್ತಿ ನೋಡಿ, ಕೆಳಗೆ ಆಸರೆಯಿಲ್ಲದ ನಡುವಿನ ಇಟ್ಟಿಗೆ ಬೀಳುವುದಿಲ್ಲ! ಪೀಣ್ಯದಲ್ಲೂ ಅಷ್ಟೇ. ಮೊದಲೇ ಎರಕ ಹೊಯ್ದ ಟೊಳ್ಳು ತುಂಡುಗಳನ್ನು ಜೋಡಿಸಿ, ಒಳಗಿನ ಕೊಳವೆಗಳಲ್ಲಿ ಕೇಬಲ್ ತೂರಿಸಿ, ಜಾಕಿಯಿಂದ ಎಳೆದು ಬಿಗಿದಿದ್ದಾರೆ. ಉಕ್ಕು ಬಿಗಿದು ಕಾಂಕ್ರೀಟನ್ನು ಒತ್ತಿ ಹಿಡಿಯುವ ವಿದ್ಯೆಗೆ ಫ್ರಾನ್ಸಿನ ಯೂಜಿನ್ ಫ್ರೆಸಿನೆ 1928ರಲ್ಲೇ ಪೇಟೆಂಟ್ ಪಡೆದಿದ್ದ. ಪೀಣ್ಯದ 4.2 ಕಿ.ಮೀ. ಉದ್ದಕ್ಕೆ 120 ಅಂಕಣ. ಕಂಬದಿಂದ ಕಂಬಕ್ಕೆ ಹತ್ತು ಕೇಬಲ್.

2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬಗಳ ನಡುವೆ ತುಕ್ಕು ಕಂಡಿತು. 2010ರಲ್ಲಷ್ಟೇ ತೆರೆದ ಸೇತುವೆ, ಹರೆಯಕ್ಕೇ ಮುಪ್ಪು! ಸಿಮೆಂಟಿನ ಕ್ಷಾರ ಉಕ್ಕಿನ ಮೈಗೆ ಕಣ್ಣಿಗೆ ಕಾಣದ ಕವಚ ತೊಡಿಸಿರುತ್ತದೆ, ನಿಜ. ಆದರೆ ಕೊಳವೆಗೆ ತುಂಬಿದ ಸಿಮೆಂಟ್ ಹಾಲು ಎಲ್ಲೋ ಸಂದು ಬಿಟ್ಟಿತೋ, ಅಲ್ಲಿ ನೀರೂ ಗಾಳಿಯೂ ಸೇರಿದವೋ, ಕವಚ ಹೋಯಿತೆಂದೇ ಲೆಕ್ಕ. ಭಾರಿ ವಾಹನಗಳು ಬಂದ್.

ಹಾಗಾದರೆ ಕೆಡವಬೇಕೇ? ಬೆರಗು ಇರುವುದೇ ಇಲ್ಲಿ. ಪ್ರತಿ ಅಂಕಣದಲ್ಲೂ ಎರಡೆರಡು ಕೊಳವೆಗಳನ್ನು ಕಟ್ಟುವಾಗಲೇ ಖಾಲಿ ಬಿಟ್ಟಿದ್ದರು! ಮುಂದೆ ಎಂದಾದರೂ ಬೇಕಾದೀತು ಎಂದು, ಅಷ್ಟೇ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆ ಪಡೆದು, ಆ ಖಾಲಿ ಜಾಗಕ್ಕೆ 240 ಹೊಸ ಕೇಬಲ್ ತೂರಿಸಿ ಬಿಗಿದರು. ಭಾರ ಹೊರಿಸಿ ಪರೀಕ್ಷಿಸಿದರು. 2024ರ ಜುಲೈ 29ರಂದು ಬಸ್ಸು ಲಾರಿಗಳು ಮತ್ತೆ ಮೇಲೇರಿದವು. ಹಳೆಯ 1,200 ಕೇಬಲ್‌ಗಳನ್ನೂ ಬದಲಿಸುವುದೆಂದು ತೀರ್ಮಾನವಾಯಿತು. ಒಡೆಯದೆ, ಒಳಗಿನ ನರಗಳನ್ನಷ್ಟೇ ಬದಲಿಸಿ!

ಪೀಣ್ಯದಲ್ಲಿ ಲಾರಿಗಳು ಮತ್ತೆ ಏರಿ ಒಂಬತ್ತೇ ದಿನ. ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿಗೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಆ ಸೇತುವೆಗೆ 41 ವರ್ಷ.

ಕೃಷ್ಣೆಗೆ, ಭೀಮೆಗೆ ಹೊಸ ಸೇತುವೆ ಕಟ್ಟುವ ಎಂಜಿನಿಯರರೇ, ಅಂಕಣಕ್ಕೆರಡು ಕೊಳವೆ ಖಾಲಿ ಬಿಡಿ. ಹಳೆಯ ಸೇತುವೆಗಳ ಅಡಿಗೆ ವರ್ಷಕ್ಕೊಮ್ಮೆಯಾದರೂ ಇಳಿದು, ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ.